ಚೀಟಿ ಬಿದ್ದ ಹಸು

ಎಲ್ಲದಕ್ಕೂ ಕಾರಣ ಮೂರು ಡಬ್ಬಿ ಗೋಂದು. ಅಮರನಾಥ್ ಮೇಷ್ಟ್ರು ಅದನ್ನು ಕೋಲಾರದಲ್ಲಿ ಬಸ್ಸಿಗೆ ಕಾಯುವಾಗ ಎದುರಿಗಿದ್ದ ಅಂಗಡಿಯಲ್ಲಿ ಕೊಂಡಿದ್ದರು. "ಒಂದ್ಸಲ ಅಂಟಿದ್ರೆ ಮುಗೀತು ಸಾರ್, ಬಿಡಲ್ಲ" ಎಂದು ಅಂಗಡಿಯವನು ಹೇಳಿದ್ದ. ಅಂಗಡಿಯವರ ಮಾತು ಅಪರೂಪಕ್ಕೊಮ್ಮೆ ನಿಜವಾಗುತ್ತದೆ. ಆ ಸಲ ಆಯಿತು.

ಅಮರನಾಥ್ ಹೋಳೂರಿನಿಂದ ಆಚೆ, ದಿನಕ್ಕೆ ನಾಲ್ಕೇ ಸಲ ಬಸ್ಸು ಬರುವ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷಿನ ಅತಿಥಿ ಶಿಕ್ಷಕ. ಅತಿಥಿ ಎಂದ ಮೇಲೆ ಹೆಚ್ಚು ದಿನ ಇರಬಾರದು ಎಂಬ ಮರ್ಯಾದೆಯನ್ನು ಇಲಾಖೆ ಚಾಚೂ ತಪ್ಪದೆ ಪಾಲಿಸುತ್ತಿತ್ತು. ಜೂನಿನಲ್ಲಿ ಕರೆಯುವುದು, ಏಪ್ರಿಲ್‌ನಲ್ಲಿ ಕಳಿಸುವುದು. ಹೀಗೆ ಆರು ವರ್ಷದಲ್ಲಿ ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಂದು ಅವರು ಆರು ಶಾಲೆ ತಿರುಗಿದ್ದರು. ಎಲ್ಲಿಯೂ ತಾವು ಒಂಬತ್ತನೇ ತರಗತಿಯಲ್ಲಿ ಕಲಿಸಿದ ಮಕ್ಕಳು ಹತ್ತನೇ ತರಗತಿಯ ಬೆಂಚಿನ ಮೇಲೆ ಕೂತಿದ್ದನ್ನು ನೋಡಿರಲಿಲ್ಲ. ಅರ್ಧ ನೋಡಿ ಎದ್ದು ಬಂದ ನಾಟಕದಂತೆ ಆರು ಊರಿನ ಮಕ್ಕಳು ಅವರ ತಲೆಯೊಳಗೆ ನಿಂತಲ್ಲೇ ನಿಂತಿದ್ದರು.

ಈ ಸಲದ ಮೂವತ್ನಾಲ್ಕು ಮಕ್ಕಳನ್ನಾದರೂ ಹತ್ತನೇ ತರಗತಿ ದಾಟಿಸಿಯೇ ಹೋಗಬೇಕು ಎಂದು ಅವರಿಗೆ ಆಸೆ. ಅದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ತೀರ್ಮಾನವಾಗುವುದಿತ್ತು. 'ಪದ ಸಂಪದ' ಎಂಬ ಯೋಜನೆಯ ಪರಿಶೀಲನಾಧಿಕಾರಿ ಬಂದು, ಮಕ್ಕಳಿಗೆ ಎಷ್ಟು ಇಂಗ್ಲಿಷ್ ಪದಗಳು ಬರುತ್ತವೆ ಎಂದು ನೋಡಿ, ಮುಂದಿನ ವರ್ಷ ಆ ಶಾಲೆಗೆ ಅತಿಥಿ ಶಿಕ್ಷಕರು ಇರಬೇಕೋ ಬೇಡವೋ ಎಂದು ಬರೆದುಹೋಗುತ್ತಾರೆ.

ಮಕ್ಕಳು ದಡ್ಡರಲ್ಲ. ವರ್ಷವೆಲ್ಲ ದಿನಕ್ಕೆ ಐದು ಪದ ಬರೆದುಕೊಂಡಿದ್ದರು. ಆದರೆ ಕಿಟಕಿಗೆ ಇಂಗ್ಲಿಷಿನಲ್ಲಿ ಏನು ಎಂದರೆ ಕಿಟಕಿಯನ್ನು ನೋಡುತ್ತಿರಲಿಲ್ಲ, ನೋಟ್‌ಬುಕ್ ಬಿಚ್ಚಿ ನೋಡುತ್ತಿದ್ದರು. ಪದ ಒಂದು ಕಡೆ, ವಸ್ತು ಒಂದು ಕಡೆ, ಜಗಳವಾಡಿದ ಬೀಗರಂತೆ ಎರಡಕ್ಕೂ ಮಾತಿಲ್ಲ. ಅಮರನಾಥ್ ಬಹಳ ಯೋಚಿಸಿ, ಶನಿವಾರ ಒಬ್ಬೊಬ್ಬರಿಗೂ ಹತ್ತು ಬಿಳಿ ಚೀಟಿ, ಒಂದು ಪೊಟ್ಟಣ ಗೋಂದು ಕೊಟ್ಟು, "ಮನೇಲಿರೋ ಹತ್ತು ವಸ್ತುಗಳ ಹೆಸರು ಇಂಗ್ಲಿಷಲ್ಲಿ ಬರೆದು ಆ ವಸ್ತೂಗೇ ಅಂಟಿಸಿ. ಕೂತ್ರೂ ನಿಂತ್ರೂ ಅದೇ ಕಣ್ಣಿಗೆ ಬೀಳ್ಬೇಕು" ಎಂದು ಕಳಿಸಿದರು. ಮಕ್ಕಳು ಭಾನುವಾರ ಸಾಯಂಕಾಲ ಅಂಟಿಸಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಫೋನು ಬಂತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಗಂಗುಲಪ್ಪ.

"ಸಾರ್, ನನ್ ಹಸು ಯಾರ್ಗೆ ಹೋಯ್ತು?"

"ಯಾವ ಹಸು ಗಂಗುಲಪ್ಪನವ್ರೆ?"

"ಅದು ನಿಮ್ಗೆ ಗೊತ್ತಿರ್ಬೇಕು. ಚೀಟಿ ನಿಮ್ದಂತಲ್ಲ. ಏಳೂವರೆ ಬಸ್ಸಿಗೆ ಬನ್ನಿ. ನಾನ್ ಬಂದು ಕರ್ಕೊಂಡ್ ಬರೋದು ಬ್ಯಾಡ."

ಅಮರನಾಥ್ ಹಲ್ಲುಜ್ಜಿದ್ದರು, ಬೇರೇನೂ ಮಾಡಿರಲಿಲ್ಲ. ಹಾಗೆಯೇ ಬಸ್ಸು ಹತ್ತಿದರು.

ಆ ಹಳ್ಳಿಯ ಮನೆಮನೆಯೂ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಹಾಕುವ ಮನೆ. ಮಂಡಿಯಲ್ಲಿ ಕ್ರೇಟುಗಳನ್ನು ಸಾಲಾಗಿ ಜೋಡಿಸಿ ಹರಾಜು ಕೂಗುತ್ತಾರೆ. ಕೂಗು ನಿಂತ ತಕ್ಷಣ ಮಂಡಿಯ ರೈಟರು ಬಂದು, ಕೊಂಡವನ ಗುರುತನ್ನು ಇಂಗ್ಲಿಷಿನ ಎರಡು ಮೂರು ಅಕ್ಷರದಲ್ಲಿ ಬರೆದ ಬಿಳಿ ಚೀಟಿಯನ್ನು ಮೇಲಿನ ಕ್ರೇಟಿಗೆ ಹಾಕುತ್ತಾನೆ. ಅಲ್ಲಿಗೆ ಆ ಮಾಲು ಕೊಂಡವನದು. ಬೆಳೆದವನು ಕೂಡ ಅದರಿಂದ ಒಂದು ಹಣ್ಣು ಎತ್ತಿ ಬಾಯಿಗೆ ಹಾಕುವಂತಿಲ್ಲ. ಈ ಲೆಕ್ಕ ಆ ಊರಿನವರ ರಕ್ತದಲ್ಲಿತ್ತು. ಗಂಗುಲಪ್ಪ ನಸುಕಿನಲ್ಲೇ ಮಾಲು ಹಾಕಿ ಬಂದು, ಹಾಲು ಕರೆಯಲು ಚೊಂಬು ಹಿಡಿದು ಕೊಟ್ಟಿಗೆಗೆ ಹೋದರೆ ಹಸುವಿನ ಕೊಂಬಿಗೆ ಬಿಳಿ ಚೀಟಿ. ಇಂಗ್ಲಿಷಿನ ಮೂರು ಅಕ್ಷರ. ಅವನು ಚೊಂಬು ಕೆಳಗಿಟ್ಟ. ಚೀಟಿ ಬಿದ್ದ ಮಾಲನ್ನು ಮುಟ್ಟುವ ಮನುಷ್ಯ ಅವನಲ್ಲ.

ಅಮರನಾಥ್ ಹೋದಾಗ ಗಂಗುಲಪ್ಪನ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಹಾಲು ಕರೆಯದ ಹಸು ಕೊಟ್ಟಿಗೆಯಲ್ಲಿ ಕೂಗುತ್ತಿತ್ತು. ಗಂಗುಲಪ್ಪ ತನ್ನ ತಮ್ಮ ಶ್ರೀನಿವಾಸಪ್ಪನನ್ನು ಕಂಬಕ್ಕೆ ಒರಗಿಸಿಕೊಂಡು ನಿಂತಿದ್ದ. ಅಣ್ಣತಮ್ಮಂದಿರದು ಒಂದೇ ಮನೆ, ಎರಡು ಒಲೆ.

"ಚೀಟಿ ಹಾಕಿದ್ದು ನಿನ್ ಮಗ್ಳು ರಂಜಿತ. ನಾನೇ ಕೇಳ್ದೆ, ಹೂಂ ದೊಡ್ಡಪ್ಪಾ ಅಂದ್ಳು. ಹಸು ಮಾರೋ ಮುಂಚೆ ಅಣ್ಣನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನ್ಲಾ ನಿಂಗೆ?"

"ಅಣ್ಣಾ, ನನ್ ಬಾಗ್ಲಿಗೂ ಬಿದ್ದೈತೆ ನೋಡು. ನನ್ ಬಾಗ್ಲು ನಾನೇ ಮಾರ್ಕೊಂಡು ಎಲ್ಲಿ ಮಲಗ್ಲಿ?"

"ಅದು ಕಣ್ಣಿಗೆ ಮಣ್ಣೆರಚೋಕೆ. ನಂಗೊತ್ತಿಲ್ವಾ?"

"ಬಾಗ್ಲು ಹೋದ್ರೆ ಹೋಗ್ಲಿ, ನನ್ ಮಿಕ್ಸೀಗೂ ಹಾಕವ್ರೆ" ಎಂದು ಗಂಗುಲಪ್ಪನ ಹೆಂಡತಿ ಶಾಮಲಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಮ್ಮಪ್ಪ ಕೊಟ್ಟ ಮಿಕ್ಸಿ. ಚಟ್ನಿ ರುಬ್ಬೋಣ ಅಂದ್ರೆ ಮುಟ್ಬೇಡ ಅಂತಾರೆ ಇವ್ರು. ಕೊಂಡೋನು ಬಂದು ಕೇಳಿದ್ರೆ ಏನ್ ಹೇಳ್ತೀಯ ಅಂತಾರೆ."

ಅಮರನಾಥ್ ಕೈ ಎತ್ತಿದರು. "ಒಂದು ನಿಮಿಷ. ಇದು ಮಂಡೀ ಚೀಟಿ ಅಲ್ಲ. ಪಾಠ. ಆ ಚೀಟಿ ಮೇಲೆ ಇರೋದು ಆಯಾ ವಸ್ತುವಿನ ಹೆಸರು, ಅಷ್ಟೇ."

"ಹಸೂಗೆ ಹಸು ಅಂತ ಚೀಟಿ ಯಾಕೆ ಬೇಕು ಸಾರ್?" ಗಂಗುಲಪ್ಪ ಶಾಂತವಾಗಿ ಕೇಳಿದ. "ನೋಡಿದ್ರೆ ಗೊತ್ತಾಗಲ್ವಾ?"

ಇದಕ್ಕೆ ಅಮರನಾಥರ ಹತ್ತಿರ ಶಿಕ್ಷಣಶಾಸ್ತ್ರದ ಉತ್ತರವಿತ್ತು. ಅದು ಅಂಗಳದಲ್ಲಿ ನಿಂತು ಹೇಳುವಂಥದ್ದಲ್ಲ.

"ವೆಂಕಟ್ ಬರ್ಲಿ. ಅವ್ನು ಓದ್ಲಿ" ಎಂದು ಯಾರೋ ಅಂದರು. ವೆಂಕಟ್ ಆ ಊರಿನವನೇ, ಹದಿನೈದು ವರ್ಷದಿಂದ ಮಂಡಿಯಲ್ಲಿ ರೈಟರು. ಚೀಟಿಯ ವಿಷಯದಲ್ಲಿ ಅವನ ಮಾತೇ ಕೊನೆ. ಅವನು ಕಿವಿಯಿಂದ ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಹಸುವಿನ ಕೊಂಬಿನ ಹತ್ತಿರ ಬಗ್ಗಿ, ಬಹಳ ಹೊತ್ತು ನೋಡಿದ.

"ಸಿ. ಓ. ಡಬ್ಲ್ಯೂ." ತಲೆ ಎತ್ತಿದ. "ಹೊಸ ಪಾರ್ಟಿ. ನಮ್ ಮಾರ್ಕೆಟ್ಟಿಗೆ ಇನ್ನೂ ಬಂದಿಲ್ಲ."

ಅಂಗಳ ನಿಟ್ಟುಸಿರು ಬಿಟ್ಟಿತು.

"ಇಲ್ಲೂ ನೋಡ್ದೆ" ಎಂದು ವೆಂಕಟ್ ಬಾಗಿಲ ಕಡೆ ಪೆನ್ನು ತೋರಿಸಿದ. "ಡಿ, ಓ, ಓ, ಆರ್. ಬರ್ತಾ ಬೀದೀಲೂ ನೋಡ್ಕೊಂಡೇ ಬಂದೆ. ಊರ್ನಾಗಿರೋ ಬಾಗ್ಲೆಲ್ಲಾ ಒಬ್ನೇ ಎತ್ತವ್ನೆ. ದೊಡ್ಡ ಪಾರ್ಟಿ."

"ಅಷ್ಟೊಂದು ಬಾಗ್ಲು ತಗೊಂಡು ಏನ್ ಮಾಡ್ತಾನೋ?" ಶ್ರೀನಿವಾಸಪ್ಪ ಕೇಳಿದ.

"ಕೊಂಡೋನ್ನ ನಾವು ಅದೆಲ್ಲಾ ಕೇಳಂಗಿಲ್ಲ" ಎಂದ ವೆಂಕಟ್.

ಜಗಲಿಯ ಮೂಲೆಯಿಂದ ಕೆಮ್ಮು ಕೇಳಿಸಿತು. ಅಣ್ಣತಮ್ಮಂದಿರ ತಾಯಿ ಮುನಿಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಹೆಗಲ ಮೇಲೆ, ಸೀರೆಗೆ ಅಂಟಿಕೊಂಡು, ಎಲ್ಲಕ್ಕಿಂತ ಉದ್ದನೆಯ ಚೀಟಿ. ಊರು ಅದನ್ನು ಆಗಲೇ ನೋಡಿತ್ತು. ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯವಾಗಿರಲಿಲ್ಲ.

"ವೆಂಕಟೂ, ಇಟ್ಲಾ ರಾ ನಾಯನಾ, ಹತ್ರ ಬಾ. ನನ್ನ ಯಾರು ತಗೊಂಡವ್ರೆ ನೋಡು."

ವೆಂಕಟ್ ಹೋಗಿ ನೋಡಿದ. ಅಕ್ಷರಗಳು ಬಹಳ ಇದ್ದವು. ಎಣಿಸಿ ಪೆನ್ನನ್ನು ಕಿವಿಗೆ ಸಿಕ್ಕಿಸಿದ.

"ಒಳ್ಳೇ ಮನೆಯೇನಪ್ಪಾ?" ಮುದುಕಿ ಕೇಳಿದಳು. "ಬೆಳಿಗ್ಗೆ ಬಿಸ್ನೀರು ಕೊಡ್ತಾರೇನು?"

ಇಬ್ಬರು ಗಂಡುಮಕ್ಕಳೂ ನೆಲ ನೋಡಿದರು.

ಅಮರನಾಥ್ ಏನು ಮಾಡಬೇಕೆಂದು ತೋಚದೆ ರಂಜಿತಳನ್ನು ಕರೆದರು. ಎರಡು ಜಡೆಯ, ಮೆಲುದನಿಯ ಹುಡುಗಿ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪದ ಗೊತ್ತಿದ್ದವಳು ಅವಳೇ. "ಓದಮ್ಮ" ಎಂದರು. ಅವಳು ಒಂದೊಂದನ್ನೇ ಓದಿ ಅರ್ಥ ಹೇಳಿದಳು.

"ಅವ್ಳು ಅವ್ರಪ್ಪನ ಕಡೆಯೋಳು" ಎಂದ ಗಂಗುಲಪ್ಪ. "ನೋಡಿ ಸಾರ್, ಎತ್ತು ಕೊಳ್ಳೋವಾಗ ಅದರ ವಯಸ್ಸು ಮಾರೋನ್ನ ಒಂದ್ಸಲ ಕೇಳ್ತೀವಿ. ಆಮೇಲೆ ಅವ್ನು ಇಲ್ದಾಗ ಅವನ ಹೆಂಡ್ತೀನ ಕೇಳ್ತೀವಿ. ಎರಡೂ ಒಂದೇ ಬಂದ್ರೆ ಎತ್ತು ಹಿಡ್ಕೊಂಡು ಬರೋದು. ಆಂಜೀನ ಕರೀರೋ."

ಆಂಜಿ ಅದೇ ತರಗತಿಯವನು, ಊರಿನ ಇನ್ನೊಂದು ತುದಿಯ ಹುಡುಗ. ಅವನ ಮನೆಗೂ ಗಂಗುಲಪ್ಪನ ಮನೆಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಹಾಗಾಗಿ ಒಳಸಂಚಿಗೆ ಅವಕಾಶವಿಲ್ಲ. ರಂಜಿತಳನ್ನು ಮನೆಯೊಳಗೆ ಕೂರಿಸಿ ಬಾಗಿಲು ಹಾಕಿ, ಆಂಜಿಯನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು.

"ಇದೇನೋ ಬರ್ದಿರೋದು?"

"ಕೌ."

"ಹಂಗಂದ್ರೆ?"

ಆಂಜಿ ಗಂಗುಲಪ್ಪನ ಮುಖವನ್ನೂ ಹಸುವಿನ ಮುಖವನ್ನೂ ಅನುಮಾನದಿಂದ ನೋಡಿದ. "ಇದೇ" ಎಂದ.

ಬಾಗಿಲು, ಮಿಕ್ಸಿ, ಬಕೆಟ್ಟು, ಏಣಿ ಎಲ್ಲ ಕೇಳಿದರು. ಎಲ್ಲ ತಾಳೆಯಾಯಿತು. ಕೊನೆಗೆ ಜಗಲಿಗೆ ಬಂದರು. ಆಂಜಿ ಉದ್ದನೆಯ ಚೀಟಿಯನ್ನು ಒಂದೇ ಉಸಿರಿಗೆ ಓದಿ, "ಅಜ್ಜಿ ಅಂತ. ಮಾರೋದಲ್ಲ. ಬರೀ ಅಜ್ಜಿ" ಎಂದ.

ಗಂಗುಲಪ್ಪ ತಮ್ಮನ ಹೆಗಲ ಮೇಲಿನಿಂದ ಇಲ್ಲದ ಧೂಳನ್ನು ಕೊಡವಿದ. ಅದೇ ಕ್ಷಮಾಪಣೆ. ತಮ್ಮನೂ ಹಾಗೆಂದೇ ತಿಳಿದುಕೊಂಡ. ಶಾಮಲಮ್ಮ ಒಳಗೆ ಹೋಗಿ ಮಿಕ್ಸಿ ಹಾಕಿದಳು. ಅದರ ಸದ್ದು ಊರಿಗೆಲ್ಲ ಕೇಳಿತು.

"ಚೀಟಿ ಕಿತ್ತುಬಿಡ್ಲಾ ಅವ್ವಾ?" ಎಂದು ಶ್ರೀನಿವಾಸಪ್ಪ ತಾಯಿಯ ಹೆಗಲಿಗೆ ಕೈಹಾಕಿದ.

"ಇರ್ಲಿ ಬಿಡೋ" ಎಂದಳು ಮುದುಕಿ. "ಮೊಮ್ಮಗ್ಳು ಬರ್ದಿರೋದು."

ಊರಿಗೆ ಆಮೇಲೆ ಒಂದು ಹುಚ್ಚು ಹತ್ತಿತು. ತಮ್ಮ ಮಕ್ಕಳಿಗೆ ಇಷ್ಟೊಂದು ಇಂಗ್ಲಿಷ್ ಬರುತ್ತದೆ ಎಂದು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳನ್ನು ಬೀದಿಯಲ್ಲೇ ಹಿಡಿದು ನಿಲ್ಲಿಸಿ ಕುಡುಗೋಲು, ಹಗ್ಗ, ಹೊಗೆ, ನೆರಳು ಎಲ್ಲ ಕೇಳಿದರು. ಮಕ್ಕಳು ಹೇಳಿದರು. ವೆಂಕಟ್ ಮಾತ್ರ ಸ್ವಲ್ಪ ದೂರ ನಿಂತು, ಹದಿನೈದು ವರ್ಷದಿಂದ ತಾನು ಬರೆದ ಅಕ್ಷರಗಳಿಗೆ ಹೀಗೂ ಒಂದು ಉಪಯೋಗವಿದೆಯೇ ಎಂಬಂತೆ ಒಂದೊಂದೇ ಬಾಗಿಲನ್ನು ಮತ್ತೆ ಓದುತ್ತಿದ್ದ.

"ಸಾರ್, ನಿಮ್ಮನ್ನ ಏನೇನೋ ಅಂದೆ. ಮನಸ್ಸಲ್ಲಿ ಇಟ್ಕೋಬೇಡಿ" ಎಂದ ಗಂಗುಲಪ್ಪ. "ಮುಂದಿನ್ವರ್ಷಾನೂ ನೀವೇ ಇರ್ಬೇಕು. ಅದಕ್ಕೇನ್ ಬೇಕೋ ನಂಗೆ ಬಿಡಿ."

ಅಮರನಾಥ್ ಆ ವರ್ಷ ಮೊದಲ ಸಲ ಶಿಳ್ಳೆ ಹಾಕಿಕೊಂಡು ಶಾಲೆಗೆ ನಡೆದರು.

ಎರಡು ಗಂಟೆಗೆ ಮುಖ್ಯೋಪಾಧ್ಯಾಯಿನಿ ಆಶಾರಾಣಿ ಕೋಣೆಗೆ ಕರೆದರು. ಆಕೆ ಒಳ್ಳೆಯವರು. ಕೆಟ್ಟ ಸುದ್ದಿ ಇದ್ದಾಗ ಮೊದಲು ಫ್ಯಾನು ಜೋರು ಮಾಡುವುದು ಆಕೆಯ ಪದ್ಧತಿ. ಈಗ ಫ್ಯಾನು ಐದರಲ್ಲಿತ್ತು.

"ಕೂತ್ಕೊಳ್ಳಿ ಅಮರನಾಥ್. ಸುತ್ತೋಲೆ ಈಗ ವಾಟ್ಸಾಪಿಗೆ ಬಂತು. ಮಕ್ಕಳಿಗೆ ನೂರಕ್ಕೆ ಅರವತ್ತು ಪದ ಗೊತ್ತಿದ್ರೆ ಆ ಶಾಲೆ ಸ್ವಾವಲಂಬಿ ಅಂತ ಬರ್ಕೊಳ್ತಾರೆ."

"ಅರವತ್ತಲ್ಲ ಮೇಡಂ, ತೊಂಬತ್ತು ಬರುತ್ತೆ."

"ಅದೇ ಹೇಳ್ತಿರೋದು. ಸ್ವಾವಲಂಬಿ ಶಾಲೆಗೆ ಅತಿಥಿ ಶಿಕ್ಷಕರ ಅಗತ್ಯ ಇಲ್ಲ. ಹುದ್ದೆ ತೆಗೀತಾರೆ."

ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲಿನ ಹಾಜರಿ ಪುಸ್ತಕದ ಹಾಳೆಗಳು ತಾವಾಗಿಯೇ ಮಗುಚಿಕೊಳ್ಳುತ್ತಿದ್ದವು.

"ಅಂದ್ರೆ ಮಕ್ಕಳಿಗೆ ಬಂದ್ರೆ ನಾನು ಇರಲ್ಲ" ಎಂದರು ಅಮರನಾಥ್.

"ಬರ್ದೇ ಇದ್ರೆ ಇರ್ತೀರ. ಹಾಗಂತ ಇದೆ."

ಅವರು ಹೊರಗೆ ಬಂದು ಹುಣಿಸೆಮರದ ಕೆಳಗೆ ನಿಂತರು. ಅಧಿಕಾರಿಯನ್ನು ಸ್ವಾಗತಿಸಲು ಇಸ್ತ್ರಿ ಅಂಗಿ ಹಾಕಿಕೊಂಡು ಗಂಗುಲಪ್ಪ ಅಲ್ಲೇ ಇದ್ದ. ಮೇಷ್ಟ್ರ ಮುಖ ನೋಡಿ ಏನಾಯಿತೆಂದು ಕೇಳಿದ. ಅಮರನಾಥರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಹೇಳಿಬಿಟ್ಟರು.

ಗಂಗುಲಪ್ಪ ನಕ್ಕ. "ಇಷ್ಟೇನಾ? ಮಂಡೀಲಿ ಒಳ್ಳೇ ಹಣ್ಣು ಮೇಲಕ್ಕೆ ಜೋಡಿಸ್ತೀವಿ ಸಾರ್. ಇವತ್ತೊಂದಿನ ಕೆಳಗಿಡೋಣ."

"ಮಕ್ಕಳ ಬಾಯಲ್ಲಿ ಸುಳ್ಳು ಹೇಳಿಸೋದು ಬೇಡ ಗಂಗುಲಪ್ಪನವ್ರೆ."

"ಸುಳ್ಯಾಕೆ? ಸುಮ್ನಿರ್ಲಿ. ಸುಮ್ನಿರೋದೂ ಸುಳ್ಳೇನಾ?"

ಬೇಡ ಎಂದು ಇನ್ನೊಂದು ಸಲ ಹೇಳಬೇಕಿತ್ತು. ಅಮರನಾಥ್ ಶಾಲೆಯ ಕಡೆ ನೋಡಿದರು. ಕಿಟಕಿಯ ಸರಳುಗಳ ಹಿಂದೆ ಮೂವತ್ನಾಲ್ಕು ತಲೆಗಳು ಪಾಠ ಮೆಲುಕು ಹಾಕುತ್ತಿದ್ದವು. ಗಂಗುಲಪ್ಪ ಅಷ್ಟು ಹೊತ್ತಿಗೆ ಗೇಟು ದಾಟಿದ್ದ.

ಊರು ಕೆಲಸಕ್ಕೆ ಇಳಿಯಿತು. ಮೊದಲು ಚೀಟಿ ಕೀಳಲು ನೋಡಿದರು. ಗೋಂದು ಬಿಡಲಿಲ್ಲ. ಬಾಗಿಲಿನ ಬಣ್ಣ ಬಂತೇ ಹೊರತು ಕಾಗದ ಬರಲಿಲ್ಲ. ಹಸುವಿನ ಕೊಂಬನ್ನು ಕೆರೆಯಲು ಹೋದ ಶ್ರೀನಿವಾಸಪ್ಪ ತಿವಿಸಿಕೊಂಡು ಬಂದ. ಕೊನೆಗೆ ಮುಚ್ಚುವುದು ಎಂದಾಯಿತು. ಬಾಗಿಲುಗಳಿಗೆ ಸೀರೆ ಇಳಿಬಿಟ್ಟರು. ಬೈಕುಗಳಿಗೆ ಗೋಣಿಚೀಲ ಹೊದಿಸಿದರು. ಟೊಮೇಟೊ ಸಾಲುಗಳಿಗೆ ಹಾಸುವ ಕಪ್ಪು ಪ್ಲಾಸ್ಟಿಕ್ ಹಾಳೆ ಬೇಕಾದಷ್ಟಿತ್ತು, ಅದನ್ನು ಹಸುವಿನ ತಲೆಯಿಂದ ಬಾಲದವರೆಗೆ ಸುತ್ತಿದರು. ಮುನಿಲಕ್ಷ್ಮಮ್ಮನ ಮೇಲೆ ಕಂಬಳಿ ಬಿತ್ತು. ಏನು ಕೇಳಿದರೂ ಬಾಯಿ ಬಿಡಬೇಡಿ ಎಂದು ಮಕ್ಕಳಿಗೂ ಹೇಳಿದ್ದಾಯಿತು. ಎರಡೂ ಮುಕ್ಕಾಲಿಗೆಲ್ಲ ಊರು, ಗ್ರಹಣ ಹಿಡಿದ ದಿನದ ಹಾಗೆ, ಪೂರ್ತಿ ಮುಚ್ಚಿಕೊಂಡು ಕೂತಿತ್ತು.

ಪರಿಶೀಲನಾಧಿಕಾರಿ ಕೋದಂಡರಾಮಪ್ಪ ಸರಿಯಾಗಿ ಮೂರಕ್ಕೆ ಬಂದರು. ತೆಳ್ಳಗಿನ, ಮಿತಭಾಷಿ ಮನುಷ್ಯ. ಬೇಸಗೆ ಆಗಲೇ ಬಿಗಿಯುತ್ತಿತ್ತು. ಮಕ್ಕಳು ಮನೆಮನೆಯಲ್ಲೂ ಚೀಟಿ ಅಂಟಿಸುತ್ತಾರೆ ಎಂದು ಮುಖ್ಯೋಪಾಧ್ಯಾಯಿನಿ ಶನಿವಾರವೇ ಬರೆದಿದ್ದರಿಂದ ಅವರು ಶಾಲೆಯೊಳಗೆ ಕೂರದೆ, ಮಕ್ಕಳನ್ನು ಕರೆದುಕೊಂಡು ನೇರವಾಗಿ ಬೀದಿಗೆ ಬಂದರು.

"ಹಸೂಗೆ ಪ್ಲಾಸ್ಟಿಕ್ ಯಾಕೆ ಹೊದಿಸಿದ್ದೀರಿ?"

"ಚಳಿ ಸಾರ್" ಎಂದ ಗಂಗುಲಪ್ಪ. ಅವನ ಹಣೆಯಿಂದ ಬೆವರು ಮೂಗಿನ ತುದಿಗೆ ಬಂದು ತೊಟ್ಟಿಕ್ಕಿತು.

ಕೋದಂಡರಾಮಪ್ಪ ಏನೂ ಅನ್ನಲಿಲ್ಲ. ಹಾಳೆಯ ಕೆಳಗೆ ಕಾಣುತ್ತಿದ್ದ ನಾಲ್ಕು ಕಾಲುಗಳನ್ನು ತೋರಿಸಿ, ಮುಂದೆ ನಿಂತಿದ್ದ ಹುಡುಗಿಯನ್ನು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು. ಮರ ತೋರಿಸಿದರು. ಇನ್ನೊಬ್ಬ ತಲೆ ತಗ್ಗಿಸಿದ. ಕಲ್ಲು, ನೀರು, ಆಕಾಶ. ಮಕ್ಕಳು ಸಾಲಾಗಿ, ನೀರಿಲ್ಲದ ಸಸಿಗಳಂತೆ, ಒಬ್ಬರಾದ ಮೇಲೆ ಒಬ್ಬರು ಬಾಗಿದರು. ಒಮ್ಮೆ ಮಾತ್ರ ಅಧಿಕಾರಿಯ ಕೈಯಿಂದ ಪೆನ್ನು ಜಾರಿತು. ಆಂಜಿ ಓಡಿಹೋಗಿ ಎತ್ತಿ, "ಸರ್, ಯುವರ್..." ಎಂದವನು ಗಂಗುಲಪ್ಪನ ಕಣ್ಣು ಕಂಡು, "...ಬಿತ್ತು ಸರ್" ಎಂದು ಮುಗಿಸಿದ.

ಅಮರನಾಥ್ ಸಾಲಿನ ಕೊನೆಯಲ್ಲಿ ನಿಂತಿದ್ದರು. ಒಂದೊಂದು ಮೌನವೂ ಮುಂದಿನ ವರ್ಷದ ಒಂದೊಂದು ದಿನವನ್ನು ಅವರ ಕಡೆ ತಳ್ಳುತ್ತಿತ್ತು. ಆದರೂ ಅವರಿಗೆ ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಕೊನೆಗೆ ಗಂಗುಲಪ್ಪನ ಜಗಲಿಯ ಮುಂದೆ ಬಂದಾಗ ಮುನಿಲಕ್ಷ್ಮಮ್ಮ ಸೆಖೆ ತಾಳದೆ ಕಂಬಳಿಯನ್ನು ಆಚೆಗೆ ಎಸೆದಿದ್ದಳು. ಬಿಳಿ ಚೀಟಿ ಬಿಸಿಲಿಗೆ ಹೊಳೆಯಿತು. ಕೋದಂಡರಾಮಪ್ಪ ಹತ್ತಿರ ಹೋಗಿ ಓದಿದರು. ಅವರ ಮುಖ ಮೊದಲ ಸಲ ಸಡಿಲವಾಯಿತು. ತಿರುಗಿ ನೋಡಿ, ತಮ್ಮ ಸಮೀಪ ನಿಂತಿದ್ದ ರಂಜಿತಳನ್ನು ಮೃದುವಾಗಿ ಕೇಳಿದರು.

"ಇಲ್ಲೇ ಬರೆದಿದೆ ನೋಡಮ್ಮ. ಏನಿದು? ಇವರು ಯಾರು?"

ರಂಜಿತ ಅಜ್ಜಿಯನ್ನು ನೋಡಿದಳು. ದೊಡ್ಡಪ್ಪನನ್ನು ನೋಡಿದಳು. ಕೊನೆಗೆ ಮೇಷ್ಟ್ರನ್ನು ನೋಡಿದಳು.

ಅಮರನಾಥ್ ಹೇಳಮ್ಮ ಎನ್ನಬಹುದಿತ್ತು. ತಲೆ ಆಡಿಸಿದ್ದರೂ ಸಾಕಿತ್ತು. ಅವರು ಚಪ್ಪಲಿಯ ತುದಿ ನೋಡಿಕೊಂಡರು.

"ಗೊತ್ತಿಲ್ಲ ಸರ್" ಎಂದಳು ರಂಜಿತ.

"ನಾನ್ಯಾರು ಅಂತ ಗೊತ್ತಿಲ್ವೇನೇ ನಿಂಗೆ?" ಎಂದಳು ಮುದುಕಿ. "ನಿನ್ನೆ ನೀನೇ ಅಲ್ವೇನೇ ಅಂಟ್ಸಿದ್ದು?"

ಹುಡುಗಿಯ ಕಣ್ಣು ತುಂಬಿತು. ಅವಳು ಕೈ ಕಟ್ಟಿಕೊಂಡು ನೆಟ್ಟಗೆ ನಿಂತೇ ಇದ್ದಳು. ಶಾಮಲಮ್ಮ ಬಂದು ಅತ್ತೆಯನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಕೋದಂಡರಾಮಪ್ಪ ಶಾಲೆಗೆ ಮರಳಿ, ಮರದ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಕೂತು, ಇಂಗ್ಲಿಷಿನಲ್ಲಿ ವರದಿ ಬರೆದರು. ಬರೆಯುವಾಗ ಎರಡು ಸಲ ಅಮರನಾಥರ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಗಂಗುಲಪ್ಪನಿಂದ ಸಹಿ ಹಾಕಿಸಿಕೊಂಡು, ಒಂದು ಪ್ರತಿಯನ್ನು ಅವನ ಕೈಗೆ ಕೊಟ್ಟು, ಕಾಫಿ ಬೇಡವೆಂದು ಹೇಳಿ ಹೊರಟುಹೋದರು.

ಕಾರು ತಿರುವು ದಾಟಿದ್ದೇ ತಡ, ಕಾಂಪೌಂಡಿನ ಆಚೆ ಕಾಯುತ್ತಿದ್ದ ಊರು ಒಳಗೆ ನುಗ್ಗಿತು.

"ಓದಿ ಸಾರ್, ಏನ್ ಬರ್ದವ್ರೆ?" ಗಂಗುಲಪ್ಪ ಕಾಗದವನ್ನು ಅಮರನಾಥರ ಕೈಗಿಟ್ಟ. "ಒಂದೊಂದೇ ಹೇಳಿ. ಎಲ್ರೂ ಕೇಳ್ಲಿ."

ಅಮರನಾಥ್ ಓದಿದರು. ಎರಡೇ ಸಾಲು ಇತ್ತು. ಮೊದಲನೆಯದನ್ನು ಕನ್ನಡದಲ್ಲಿ ಹೇಳಿದರು. "ಈ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪದಜ್ಞಾನ ಸ್ವಲ್ಪವೂ ಇಲ್ಲ. ಆದ್ದರಿಂದ ಅತಿಥಿ ಶಿಕ್ಷಕರ ಹುದ್ದೆಯನ್ನು ಮುಂದಿನ ವರ್ಷವೂ ಮುಂದುವರಿಸಬೇಕು."

ಊರು ಕೂಗಿಕೊಂಡಿತು. ಯಾರೋ ಶಿಳ್ಳೆ ಹಾಕಿದರು. ಗಂಗುಲಪ್ಪ ಮೇಷ್ಟ್ರ ಎರಡೂ ಕೈ ಹಿಡಿದು ಅಲ್ಲಾಡಿಸಿದ. "ಹೇಳಿರ್ಲಿಲ್ವಾ ಸಾರ್? ನಂಗೆ ಬಿಡಿ ಅಂತ?" ಶ್ರೀನಿವಾಸಪ್ಪ ಒಂದು ಬುಟ್ಟಿ ಟೊಮೇಟೊ ತಂದು ಅವರ ಕಾಲ ಹತ್ತಿರ ಇಟ್ಟ. ಆಶಾರಾಣಿ ಮೇಡಂ ಕೂಡ ಕಿಟಕಿಯಿಂದ ನಕ್ಕರು.

ಅಮರನಾಥರ ಮಗ್ಗುಲಲ್ಲಿ ರಂಜಿತ ನಿಂತಿದ್ದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಅವಳು ಕಾಗದದ ಎರಡನೇ ಸಾಲನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು. ಟೀಚರ್ ಎಂಬುದು ಅವಳಿಗೆ ಗೊತ್ತಿತ್ತು. ಇಯರ್ ಗೊತ್ತಿತ್ತು. ಟಾಟ್ ನಾಟ್ ಒನ್ ವರ್ಡ್ ಎಂಬುದನ್ನೂ ದಾಟಿದಳು. ಕೊನೆಯ ಪದದ ಹತ್ತಿರ ಬಂದು ನಿಂತಳು. ಅದರ ಮೇಲೆ ಬೆರಳಿಟ್ಟಳು.

"ಸರ್, ಇದೊಂದು ಗೊತ್ತಾಗ್ಲಿಲ್ಲ. ರಿಪ್ಲೇಸ್ ಅಂದ್ರೆ?"

ಗದ್ದಲ ನಿಂತಿತು. ಪದ ಎಂದರೆ ಈಗ ಎಲ್ಲರಿಗೂ ಕುತೂಹಲ. ಮಕ್ಕಳು ಅರ್ಥ ಕೇಳಿದಾಗ ಹೇಳದೆ ಇದ್ದು ಅಮರನಾಥರಿಗೆ ಅಭ್ಯಾಸವಿರಲಿಲ್ಲ.

"ಒಂದನ್ನ ತೆಗೆದು, ಅದೇ ಜಾಗಕ್ಕೆ ಇನ್ನೊಂದು ಇಡೋದು."

"ಉದಾಹರಣೆ ಸರ್?"

"ಈಗ... ಒಡೆದ ಕ್ರೇಟು ಇರುತ್ತಲ್ಲ. ಅದನ್ನ ತೆಗೆದು ಬೇರೆ ಕ್ರೇಟು ಇಡ್ತೀವಿ. ಹಾಗೆ."

"ಓ, ಅದಾ? ಮಂಡೀಲಿ ದಿನಾ ಮಾಡ್ತೀವಿ" ಎಂದ ವೆಂಕಟ್.

"ಒಳ್ಳೇ ಪದ" ಎಂದ ಗಂಗುಲಪ್ಪ. ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು.

ರಂಜಿತ ನೋಟ್‌ಬುಕ್ ಬಿಚ್ಚಿ, ಆ ದಿನದ ತಾರೀಕು ಹಾಕಿ, ಪದವನ್ನು ಬರೆದುಕೊಂಡಳು. ಅದರ ಮುಂದೆ ಅರ್ಥ ಬರೆಯಲು ಹೋದವಳು ಅರ್ಧದಲ್ಲಿ ಪೆನ್ನು ನಿಲ್ಲಿಸಿ, ಕಾಗದದ ಸಾಲನ್ನು ಮೊದಲಿನಿಂದ ಇನ್ನೊಂದು ಸಲ ಓದತೊಡಗಿದಳು. ಅಮರನಾಥ್ ಟೊಮೇಟೊ ಬುಟ್ಟಿ ಎತ್ತಿಕೊಂಡು, ಐದು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೂ, ಬೇಗಬೇಗ ನಡೆದರು.